ಪೋಲಿಷ್‌ನಲ್ಲಿ ‘ಬರೆಯುತ್ತೇನೆ’, ‘ಬರೆಯುತ್ತಿದ್ದೆ’: ಭವಿಷ್ಯತ್ತು ಮತ್ತು ಷರತ್ತಿನ ಕ್ರಿಯಾಪದಗಳ ಬಗ್ಗೆ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಓದಿಗೋ ಕೆಲಸಕ್ಕೋ ವಾರ್ಸಾ, ಕ್ರಾಕುಫ್, ವ್ರೊತ್ಸ್ವಾಫ್ ಸೇರಿದ ಕನ್ನಡಿಗರು ಪೋಲಿಷ್ ಕಲಿಯುವುದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳಿಂದ. ಅಲ್ಲಿ ಭವಿಷ್ಯತ್ತು ಎಂದರೆ ‘ವಿಲ್’, ಷರತ್ತು ಎಂದರೆ ‘ವುಡ್’. ಆ ದಾರಿಯಲ್ಲಿ ಹೋದರೆ ಪೋಲಿಷ್ ಸುಮ್ಮನೆ ಕಷ್ಟವಾಗುತ್ತದೆ. ನಾವು ದಿನವೂ ಆಡುವ ಕನ್ನಡದಲ್ಲಿ ಈ ವ್ಯಾಕರಣಕ್ಕೆ ಎಷ್ಟೋ ಹತ್ತಿರದ ದಾರಿಗಳಿವೆ. ಕೆಳಗಿನ ಉತ್ತರಗಳೆಲ್ಲ ಆ ನಂಬಿಕೆಯಿಂದ ಬರೆದವು.

ಉಚ್ಚಾರದ ಬಗ್ಗೆ ಒಂದು ಮಾತು. ಪೋಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ‘ಷ’ವನ್ನು ನಾಲಿಗೆ ಮೇಲೆತ್ತಿ, ‘ಶ’ವನ್ನು ಮೃದುವಾಗಿ ಹೇಳಿ, ಈ ಎರಡರ ಭೇದ ಪೋಲಿಷ್‌ನಲ್ಲೂ ಇದೆ. ‘ಜ಼’ ಎಂದರೆ ‘ಜ಼ೂ’ ಎನ್ನುವಾಗಿನ ಸದ್ದು; ‘ಜ಼ೆಬಿ’, ‘ಮೊಜ಼್ನಾ’ ಎಂಬಲ್ಲಿ ಮಾತ್ರ ಇಂಗ್ಲಿಷ್ ‘ಮೆಷರ್’ ಪದದ ನಡುವಿನ ಸದ್ದು. ಪದದ ಕೊನೆಯ ‘ವ್’ ಬಂದಾಗ ತುಟಿ ದುಂಡಗಾಗಲಿ. ‘ಆ’ಕಾರವನ್ನು ಎಳೆಯಬೇಡಿ.

ಪೋಲಿಷ್‌ನಲ್ಲಿ ಭವಿಷ್ಯತ್ ಕಾಲ ಒಂದೋ ಎರಡೋ?

ಕಾಲ ಒಂದೇ, ಅದನ್ನು ಕಟ್ಟುವ ರೀತಿ ಎರಡು. ಯಾವ ರೀತಿ ಎಂಬುದನ್ನು ಕ್ರಿಯಾಪದವೇ ನಿರ್ಧರಿಸುತ್ತದೆ.

ಪೋಲಿಷ್ ಕ್ರಿಯಾಪದಗಳು ಸಾಮಾನ್ಯವಾಗಿ ಜೋಡಿಯಾಗಿ ಇರುತ್ತವೆ. ಒಂದು ‘ನ್ಯೆದೊಕೊನಾನಿ’, ಅಂದರೆ ಕೆಲಸ ಸಾಗುತ್ತಿರುವುದನ್ನೋ ಮತ್ತೆ ಮತ್ತೆ ನಡೆಯುವುದನ್ನೋ ಹೇಳುವಂಥದ್ದು. ಇನ್ನೊಂದು ‘ದೊಕೊನಾನಿ’, ಅಂದರೆ ಕೆಲಸ ಒಂದು ಕೊನೆ ಮುಟ್ಟುವುದನ್ನು ಹೇಳುವಂಥದ್ದು. ಇಲ್ಲಿ ಇವನ್ನು ‘ಸಾಗುವ ಬಗೆ’, ‘ಮುಗಿಯುವ ಬಗೆ’ ಎನ್ನೋಣ. ಬರೆಯುವುದಕ್ಕೆ ‘ಪಿಸಾಚ್’ ಸಾಗುವ ಬಗೆ, ‘ನಾಪಿಸಾಚ್’ ಮುಗಿಯುವ ಬಗೆ.

ಸಾಗುವ ಬಗೆಗೆ ‘ಬೆಂದೆ’ ಎಂಬ ಸಹಾಯಕ ಪದ ಸೇರಿಸಬೇಕು: ‘ಬೆಂದೆ ಪಿಸಾಚ್’. ಮುಗಿಯುವ ಬಗೆಗೆ ಸಹಾಯಕವೇ ಬೇಡ. ಅದಕ್ಕೆ ವರ್ತಮಾನದ ಪ್ರತ್ಯಯ ಹಚ್ಚಿದರೆ ಸಾಕು, ಅರ್ಥ ತಾನಾಗಿ ಭವಿಷ್ಯತ್ತಿಗೆ ಹೋಗುತ್ತದೆ: ‘ಪಿಷೆ’ ಎಂದರೆ ‘ಬರೆಯುತ್ತಿದ್ದೇನೆ’, ‘ನಾಪಿಷೆ’ ಎಂದರೆ ‘ಬರೆದು ಮುಗಿಸುತ್ತೇನೆ’. ಮುಗಿಯುವ ಬಗೆಗೆ ವರ್ತಮಾನ ಕಾಲ ಇಲ್ಲದಿರುವುದಕ್ಕೆ ಕಾರಣ ಸರಳ: ಈ ಕ್ಷಣ ನಡೆಯುತ್ತಿರುವ ಕೆಲಸ ಇನ್ನೂ ಮುಗಿದಿರುವುದಿಲ್ಲ.

ಎರಡರಲ್ಲಿ ಯಾವುದು ಬೇಕು ಎಂದು ಮಾತಾಡುವಾಗ ಹೇಗೆ ತಿಳಿಯುವುದು?

ಮನಸ್ಸಿನಲ್ಲಿರುವ ವಾಕ್ಯವನ್ನು ಆಡುಗನ್ನಡದಲ್ಲಿ ಹೇಳಿಕೊಳ್ಳಿ. ‘ಬರೀತಾ ಇರ್ತೀನಿ’ ಎಂದು ಬಂದರೆ ‘ಬೆಂದೆ ಪಿಸಾಚ್’. ‘ಬರೆದುಬಿಡ್ತೀನಿ’, ‘ಬರೆದು ಕಳಿಸ್ತೀನಿ’ ಎಂದು ಬಂದರೆ ‘ನಾಪಿಷೆ’. ನಮ್ಮ ‘ಬಿಡು’, ‘ಹಾಕು’, ‘ಮುಗಿಸು’ಗಳು ಕ್ರಿಯಾಪದದ ಹಿಂದೆ ಸೇರಿ ಮಾಡುವ ಕೆಲಸವನ್ನು ಪೋಲಿಷ್‌ನಲ್ಲಿ ಬಹಳ ಸಲ ಮುಂದೆ ಸೇರುವ ‘ನಾ’, ‘ಪ್ಷೆ’, ‘ಪೊ’, ‘ಜ಼ಾ’ ಮಾಡುತ್ತವೆ. ಈ ಹೋಲಿಕೆ ನೂರಕ್ಕೆ ನೂರು ಕೂಡುವುದಿಲ್ಲ, ಆದರೆ ಮೊದಲ ತಿಂಗಳುಗಳಲ್ಲಿ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ.

ತೊಡಕು ಬರುವುದು ಬರೀ ‘ಓದ್ತೀನಿ’ ಎಂದಾಗ. ಕನ್ನಡದ ಆ ಒಂದೇ ರೂಪ ಅಭ್ಯಾಸಕ್ಕೂ ಸಲ್ಲುತ್ತದೆ, ನಾಳೆಯ ಒಂದು ಕೆಲಸಕ್ಕೂ ಸಲ್ಲುತ್ತದೆ. ಪೋಲಿಷ್ ಇಲ್ಲಿ ಒಂದನ್ನು ಆರಿಸಲೇಬೇಕು ಎನ್ನುತ್ತದೆ. ‘ನಾಳೆಯಿಂದ ದಿನಾ ಓದ್ತೀನಿ’ ಎಂದರೆ ‘ಒದ್ ಯುತ್ರಾ ಬೆಂದೆ ತ್ಸೊಜೆನ್ನ್ಯೆ ಚಿತಾಚ್’. ‘ನಾಳೆ ಆ ಪುಸ್ತಕ ಓದ್ತೀನಿ’ ಎಂಬಲ್ಲಿ ಓದಿ ಮುಗಿಸುವ ಮಾತಾದರೆ ‘ಪ್ಷೆಚಿತಾಮ್’, ಸಂಜೆಯೆಲ್ಲ ಅದನ್ನು ಹಿಡಿದು ಕೂತಿರುತ್ತೇನೆ ಎಂದಾದರೆ ‘ಬೆಂದೆ ಚಿತಾಚ್’. ‘ದಿನಾ’, ‘ಇಡೀ ಸಂಜೆ’, ‘ಎರಡು ಗಂಟೆ ಹೊತ್ತು’ ಇದ್ದಲ್ಲಿ ಬೆಂದೆ. ‘ಯಾವಾಗ ಕೊಡ್ತೀಯ?’ ಎಂಬುದಕ್ಕೆ ಉತ್ತರವಾದರೆ ಮುಗಿಯುವ ಬಗೆ.

‘ಬೆಂದೆ’ಯ ರೂಪಗಳೆಲ್ಲ ಯಾವುವು?

ನಾನು: ಬೆಂದೆ
ನೀನು: ಬೆಂಜೆಷ್
ಅವನು, ಅವಳು, ಅದು: ಬೆಂಜೆ
ನಾವು: ಬೆಂಜೆಮಿ
ನೀವು: ಬೆಂಜೆಚೆ
ಅವರು, ಅವು: ಬೆಂದೊಂ

‘ಅನ್ನ ಬೆಂದಿದೆ’ ಎನ್ನುವ ನಾಲಿಗೆಗೆ ‘ಬೆಂದೆ’ ಹೊಸ ಸದ್ದಲ್ಲ; ದಂತ್ಯ ‘ದ’ವನ್ನು ಹಾಗೇ ಇಟ್ಟುಕೊಳ್ಳಿ.

ಇದು ‘ಇರು’ ಎಂಬರ್ಥದ ‘ಬಿಚ್’ ಕ್ರಿಯಾಪದದ ಭವಿಷ್ಯತ್ತೂ ಹೌದು. ‘ಯುತ್ರೊ ಬೆಂದೆ ವ್ ದೊಮು’ ಎಂದರೆ ‘ನಾಳೆ ಮನೇಲಿರ್ತೀನಿ’. ಹಾಗಾಗಿ ‘ಬೆಂದೆ ಬಿಚ್’ ಎಂಬ ಮಾತೇ ಇಲ್ಲ.

‘ಬೆಂದೆ ಪಿಸಾಚ್’ ಎನ್ನುವವರೂ ಇದ್ದಾರೆ, ‘ಬೆಂದೆ ಪಿಸಾವ್’ ಎನ್ನುವವರೂ ಇದ್ದಾರೆ. ಯಾವುದು ಸರಿ?

ಎರಡೂ ಸರಿ, ಅರ್ಥವೂ ಒಂದೇ. ಮೊದಲನೆಯದರಲ್ಲಿ ‘ಬರೆಯಲು’ ಎಂಬ ಮೂಲರೂಪವಿದೆ. ಎರಡನೆಯದರಲ್ಲಿ ಭೂತಕಾಲದ ರೂಪವಿದೆ, ಅದು ಲಿಂಗ ನೋಡಿ ಬದಲಾಗುತ್ತದೆ: ಗಂಡಸು ‘ಬೆಂದೆ ಪಿಸಾವ್’, ಹೆಂಗಸು ‘ಬೆಂದೆ ಪಿಸಾವಾ’.

ಹೊಸಬರಿಗೆ ಮೂಲರೂಪ ಸುಲಭ ಎಂದು ಪಾಠಗಳು ಅಲ್ಲೇ ನಿಲ್ಲುತ್ತವೆ. ನನ್ನ ಸಲಹೆ ಬೇರೆ: ಎರಡನೆಯದನ್ನೇ ಮೊದಲು ಕಲಿಯಿರಿ. ‘ಪಿಸಾವ್, ಪಿಸಾವಾ, ಪಿಸಾವೊ, ಪಿಸಾಲಿ, ಪಿಸಾವಿ’ ಎಂಬ ಈ ಐದು ರೂಪ ಗಟ್ಟಿಯಾದರೆ ಭೂತಕಾಲ ಬಂತು, ಬೆಂದೆ ಭವಿಷ್ಯತ್ತು ಬಂತು, ಷರತ್ತಿನ ರೂಪವೂ ಬಂತು. ಒಂದೇ ಶ್ರಮಕ್ಕೆ ಮೂರು ಫಲ.

ಎರಡನೆಯದೇ ಬೇಕಾಗುವ ಒಂದು ಜಾಗವೂ ಇದೆ. ‘ಮುಶೆಚ್’ (ಮಾಡಲೇಬೇಕು), ‘ಮುತ್ಸ್’ (ಆಗುತ್ತೆ, ಬಹುದು), ‘ಹ್ಚೆಚ್’ (ಬೇಕು ಎನ್ನು) ಇವುಗಳ ಜೊತೆ ಇನ್ನೊಂದು ಕ್ರಿಯಾಪದದ ಮೂಲರೂಪ ಬರುತ್ತದೆ. ಎರಡು ಮೂಲರೂಪ ಒಟ್ಟಿಗೆ ಬಂದರೆ ಕಿವಿಗೆ ಹಿತವಾಗುವುದಿಲ್ಲ. ‘ಬೆಂದೆ ಮುಶಾವ್ ಪ್ರಾತ್ಸೊವಾಚ್’ (ಕೆಲಸ ಮಾಡಲೇಬೇಕಾಗುತ್ತೆ), ‘ಬೆಂದೆ ಮೊಗ್ವಾ ಪ್ಷಿಯಿಶ್ಚ್’ (ಬರಲು ಆಗುತ್ತೆ, ಹೆಂಗಸು ಹೇಳುವಾಗ) ಎನ್ನಿ. ‘ಬೆಂದೆ ಮುತ್ಸ್’ ಎಂದು ಪೋಲರು ಹೇಳುವುದಿಲ್ಲ.

‘ಬೆಂದೆ ನಾಪಿಸಾಚ್’ ಎಂದರೆ ತಪ್ಪೇ?

ತಪ್ಪು, ಯಾವ ಸಂದರ್ಭದಲ್ಲೂ. ‘ಬೆಂದೆ’ ಮುಗಿಯುವ ಬಗೆಯ ಜೊತೆ ಸೇರುವುದಿಲ್ಲ. ‘ವಿಲ್’ ಎಂದ ಕಡೆಯೆಲ್ಲ ‘ಬೆಂದೆ’ ಇಡುವ ಅಭ್ಯಾಸ ಮಾಡಿಕೊಂಡವರ ಬಾಯಲ್ಲಿ ಮೊದಲು ಹುಟ್ಟುವ ತಪ್ಪು ಇದೇ.

ಯಾವ ಕ್ರಿಯಾಪದಕ್ಕೆ ಯಾವ ಜೋಡಿ ಎಂಬುದಕ್ಕೆ ಸೂತ್ರ ಇದೆಯೇ?

ಪೂರ್ತಿ ಕೈಹಿಡಿಯುವ ಸೂತ್ರ ಇಲ್ಲ. ಕೆಲವಕ್ಕೆ ಮುಂದೆ ಒಂದು ತುಣುಕು ಸೇರುತ್ತದೆ: ‘ಚಿತಾಚ್, ಪ್ಷೆಚಿತಾಚ್’, ‘ರೊಬಿಚ್, ಜ಼್ರೊಬಿಚ್’. ಕೆಲವಕ್ಕೆ ಒಡಲೇ ಬದಲಾಗುತ್ತದೆ: ಕೊಳ್ಳುವುದಕ್ಕೆ ‘ಕುಪೊವಾಚ್, ಕುಪಿಚ್’. ಇನ್ನು ಕೆಲವು ಜೋಡಿಗಳಲ್ಲಿ ಒಂದಕ್ಕೊಂದು ಸಂಬಂಧವೇ ಕಾಣದು, ಮತ್ತು ದಿನಬಳಕೆಯಲ್ಲಿ ಹೆಚ್ಚು ಬೇಕಾಗುವುದೂ ಇವೇ. ಇವುಗಳದ್ದೂ ದಿನಬಳಕೆಯ ಇನ್ನು ಕೆಲವು ಕ್ರಿಯಾಪದಗಳದ್ದೂ ‘ನಾನು’ ರೂಪವನ್ನು ಬಾಯಿಪಾಠ ಮಾಡಿ:

ತಗೋತೀನಿ: ‘ಬ್ರಾಚ್’ನ ಜೋಡಿಯಿಂದ ‘ವೆಜ಼್ಮೆ’
ಹೇಳ್ತೀನಿ: ‘ಮುವಿಚ್’ನ ಜೋಡಿಯಿಂದ ‘ಪೊವ್ಯೆಮ್’
ನೋಡ್ತೀನಿ: ‘ವಿಜೆಚ್’ನ ಜೋಡಿಯಿಂದ ‘ಜ಼ೊಬಾಚೆ’
ನಡೆದು ಹೋಗ್ತೀನಿ: ‘ಪುಯ್ದೆ’
ಗಾಡಿಯಲ್ಲಿ ಹೋಗ್ತೀನಿ: ‘ಪೊಯಾದೆ’
ಕೊಡ್ತೀನಿ: ‘ದಾಮ್’

‘ಜ಼ೊಬಾಚೆ’ಗೆ ಇನ್ನೊಂದು ಬಳಕೆಯೂ ಇದೆ. ‘ಜ಼ೊಬಾಚಿಮಿ’, ಅಂದರೆ ‘ನೋಡೋಣ’, ನಮ್ಮಲ್ಲಿ ಹೇಗೋ ಅಲ್ಲೂ ಹಾಗೆಯೇ, ಹೂಂ ಎನ್ನದೆ ಉಹೂಂ ಎನ್ನದೆ ಮಾತು ಮುಂದೂಡಲು ಬರುತ್ತದೆ.

ಮುಂದೆ ಸೇರುವ ತುಣುಕು ಕೆಲವೊಮ್ಮೆ ಅರ್ಥವನ್ನೇ ಬದಲಿಸುತ್ತದೆ, ಎಚ್ಚರವಿರಲಿ. ‘ನಾಪಿಷೆ’ ಬರೆಯುತ್ತೇನೆ, ‘ಪೊತ್‌ಪಿಷೆ’ ಸಹಿ ಹಾಕುತ್ತೇನೆ, ‘ಪ್ಷೆಪಿಷೆ’ ನೋಡಿ ಬರೆದುಕೊಳ್ಳುತ್ತೇನೆ. ಬಾಡಿಗೆ ಕರಾರಿನ ಮುಂದೆ ಕೂತಾಗ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಹೊಸ ಕ್ರಿಯಾಪದವನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳಬೇಡಿ; ಜೋಡಿಯಾಗಿಯೇ ಬರೆದುಕೊಳ್ಳಿ.

‘ನಾಳೆ ಕ್ರಾಕುಫ್‌ಗೆ ಹೋಗ್ತಾ ಇದೀನಿ’ ಎಂದು ವರ್ತಮಾನದಲ್ಲೇ ಹೇಳಬಹುದೇ?

ಧಾರಾಳವಾಗಿ. ‘ಯುತ್ರೊ ಯಾದೆ ದೊ ಕ್ರಾಕೊವಾ.’ ಟಿಕೆಟ್ ತೆಗೆದು ಆಗಿದೆ, ಹೊರಡುವುದು ನಿಶ್ಚಯ ಎಂಬ ಧ್ವನಿ ಅದರಲ್ಲಿದೆ, ಕನ್ನಡದಲ್ಲಿ ಇರುವಂತೆಯೇ.

‘ಇರಲ್ಲ’, ‘ಮಾಡಲ್ಲ’ ಎನ್ನುವುದು ಹೇಗೆ?

‘ನ್ಯೆ’ಯನ್ನು ಕ್ರಿಯಾಪದದ ಮುಂದಿಡಿ. ‘ನ್ಯೆ ಕುಪ್ಯೆ’ ಎಂದರೆ ಆ ಒಂದು ಸಲ ಕೊಳ್ಳಲ್ಲ. ‘ನ್ಯೆ ಬೆಂದೆ ಕುಪೊವಾಚ್’ ಎಂದರೆ ಕೊಳ್ಳುವ ಕೆಲಸಕ್ಕೇ ಹೋಗಲ್ಲ. ಎರಡನೆಯದರಲ್ಲಿ ಹಟದ ಧ್ವನಿ ಹೆಚ್ಚು. ಸಾಲಿನಲ್ಲಿ ನಿಂತು ಬೇಸತ್ತವರು ‘ನ್ಯೆ ಬೆಂದೆ ಚೆಕಾಚ್’ ಎನ್ನುತ್ತಾರೆ: ಕಾಯ್ತಾ ಕೂರಲ್ಲ ನಾನು!

ನಿಷೇಧ ಬಂದರೆ ನೇರ ಕರ್ಮದ ವಿಭಕ್ತಿಯೂ ಬದಲಾಗುತ್ತದೆ, ‘ಕುಪ್ಯೆ ಹ್ಲೆಬ್’ (ಬ್ರೆಡ್ ಕೊಳ್ತೀನಿ) ಹೋಗಿ ‘ನ್ಯೆ ಕುಪ್ಯೆ ಹ್ಲೆಬಾ’ ಆಗುತ್ತದೆ. ‘ನಾಳೆ ಹಾಲು ಇರಲ್ಲ’ ಎನ್ನಲು ‘ಯುತ್ರೊ ನ್ಯೆ ಬೆಂಜೆ ಮ್ಲೆಕಾ’. ಇಲ್ಲಿಯೂ ಹಾಲು ಷಷ್ಠಿಯಂಥ ವಿಭಕ್ತಿಗೆ ಹೋಗಿದೆ.

ಷರತ್ತಿನ ರೂಪ ಕಟ್ಟುವುದು ಹೇಗೆ?

ಮೇಲೆ ಹೇಳಿದ ಭೂತಕಾಲದ ರೂಪ ತೆಗೆದುಕೊಳ್ಳಿ, ಅದಕ್ಕೆ ‘ಬಿ’ ಸೇರಿಸಿ, ಕೊನೆಗೆ ಯಾರು ಎಂಬ ಗುರುತು ಹಚ್ಚಿ. ‘ಗಾಡಿಯಲ್ಲಿ ಹೋಗು’ ಎಂಬ ‘ಪೊಯೆಹಾಚ್’ನಿಂದ ಹಂತ ಹಂತವಾಗಿ ನೋಡೋಣ. ‘ಪೊಯೆಹಾವ್’ ಎಂದರೆ ‘ಹೋದನು’. ‘ಪೊಯೆಹಾವ್‌ಬಿ’ ಎಂದರೆ ‘ಅವನಾದರೆ ಹೋಗುತ್ತಿದ್ದ’. ಇದಕ್ಕೆ ‘ಮ್’ ಸೇರಿದರೆ ‘ಪೊಯೆಹಾವ್‌ಬಿಮ್’, ಅಂದರೆ ‘ನಾನಾಗಿದ್ದರೆ ಹೋಗುತ್ತಿದ್ದೆ’.

ಉಳಿದ ಗುರುತುಗಳು: ನೀನು ‘ಬಿಶ್’, ಅವನು-ಅವಳು-ಅದು ಬರೀ ‘ಬಿ’, ನಾವು ‘ಬಿಶ್‌ಮಿ’, ನೀವು ‘ಬಿಶ್‌ಚೆ’, ಅವರು ಬರೀ ‘ಬಿ’.

ಮುಂದೆ ನಡೆಯಬಹುದಾದ ಅಥವಾ ನಡೆಯದೇ ಹೋದ ಸಂಗತಿಗೆ ಭೂತಕಾಲದ ರೂಪ ಯಾಕೆ ಎಂದು ಹಲವರು ಗೊಂದಲಕ್ಕೆ ಬೀಳುತ್ತಾರೆ. ಕನ್ನಡಿಗರಿಗೆ ಈ ಗೊಂದಲ ಬರಬೇಕಾಗಿಲ್ಲ. ‘ನಾಳೆ ಮಳೆ ಬಂದರೆ’ ಎನ್ನುವಾಗ ಮಳೆ ಇನ್ನೂ ಬಂದಿಲ್ಲ, ಆದರೂ ನಾವು ‘ಬಂದ’ ಎಂಬ ಭೂತರೂಪದ ಮೇಲೆಯೇ ‘ರೆ’ ಕೂರಿಸುತ್ತೇವೆ. ‘ದುಡ್ಡಿದ್ದಿದ್ದರೆ ಹೋಗ್ತಿದ್ದೆ’ ಎಂಬಲ್ಲಿ ವಾಕ್ಯದ ಎರಡೂ ತುದಿ ಭೂತವೇ.

ಗಂಡು-ಹೆಣ್ಣಿನ ವ್ಯತ್ಯಾಸ ಎಲ್ಲೆಲ್ಲಿ ಬರುತ್ತದೆ?

ಷರತ್ತಿನ ರೂಪದಲ್ಲಿ ಎಲ್ಲೆಲ್ಲೂ. ‘ನಾನು ಹೋಗ್ತಿದ್ದೆ’ ಎನ್ನುವಾಗ ಕನ್ನಡದಲ್ಲಿ ಹೇಳುವವರು ಗಂಡಸೋ ಹೆಂಗಸೋ ತಿಳಿಯದು. ಪೋಲಿಷ್‌ನಲ್ಲಿ ಗಂಡಸು ‘ಪೊಯೆಹಾವ್‌ಬಿಮ್’ ಎನ್ನಬೇಕು, ಹೆಂಗಸು ‘ಪೊಯೆಹಾವಾಬಿಮ್’ ಎನ್ನಬೇಕು. ಗೆಳತಿಯನ್ನು ಕೇಳುವಾಗ ‘ಪೊಯೆಹಾವಾಬಿಶ್?’, ಗೆಳೆಯನನ್ನು ಕೇಳುವಾಗ ‘ಪೊಯೆಹಾವ್‌ಬಿಶ್?’ ನಡುವಿನ ಆ ಒಂದು ‘ಆ’ಕಾರವೇ ಎಲ್ಲ.

ಬಹುವಚನ ಇನ್ನೂ ಸೂಕ್ಷ್ಮ. ಕನ್ನಡ ‘ಅವರು’, ‘ಅವು’ ಎಂದು ಮನುಷ್ಯರನ್ನು ಉಳಿದವುಗಳಿಂದ ಬೇರೆ ಮಾಡುತ್ತದೆ. ಪೋಲಿಷ್ ಎಳೆಯುವ ಗೆರೆ ಬೇರೆ ಕಡೆ. ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ ‘ಪೊಯೆಹಾಲಿಬಿ’. ಬರೀ ಹೆಂಗಸರು, ಮಕ್ಕಳು, ಪ್ರಾಣಿಗಳು, ವಸ್ತುಗಳು ಎಲ್ಲಕ್ಕೂ ‘ಪೊಯೆಹಾವಿಬಿ’. ‘ನಾವು’ ಎನ್ನುವಾಗಲೂ ಹೀಗೆಯೇ: ಗಂಡಸಿರುವ ಗುಂಪು ‘ಪೊಯೆಹಾಲಿಬಿಶ್‌ಮಿ’, ಹೆಂಗಸರಷ್ಟೇ ಇದ್ದರೆ ‘ಪೊಯೆಹಾವಿಬಿಶ್‌ಮಿ’. ಪೋಲಿಷ್ ಕಲಿಸುವವರು ಹೆಚ್ಚಾಗಿ ಗಂಡು ರೂಪವನ್ನೇ ಬೋರ್ಡಿನ ಮೇಲೆ ಬರೆಯುತ್ತಾರೆ. ಹೆಣ್ಣುಮಕ್ಕಳು ತಮ್ಮ ರೂಪವನ್ನು ಕೇಳಿ ಬರೆದುಕೊಳ್ಳಬೇಕು, ಅಭ್ಯಾಸವನ್ನೂ ಅದರಲ್ಲೇ ಮಾಡಬೇಕು.

‘ಮಳೆ ಬಂದರೆ’ ಎನ್ನಲು ‘ಯೆಶ್ಲಿ’ ಬೇಕೋ ‘ಗ್ದಿಬಿ’ ಬೇಕೋ?

ನಮ್ಮನ್ನು ನಿಜವಾಗಿ ಯೋಚನೆಗೆ ಹಚ್ಚುವ ಪ್ರಶ್ನೆ ಇದು, ಏಕೆಂದರೆ ಕನ್ನಡದ ‘ಬಂದರೆ’ ಎರಡು ಕಡೆಗೂ ವಾಲುತ್ತದೆ.

ಆಗಲೂಬಹುದು, ಆಗದೆಯೂ ಇರಬಹುದು ಎಂಬ ಸಾಧಾರಣ ಸಂಗತಿಗೆ ‘ಯೆಶ್ಲಿ’. ಅದರ ಜೊತೆ ಎರಡೂ ಕಡೆ ಭವಿಷ್ಯತ್ ಕಾಲ: ‘ಯೆಶ್ಲಿ ಬೆಂಜೆ ಪಾದಾಚ್, ಜ಼ೊಸ್ತಾನೆ ವ್ ದೊಮು.’ ಮಳೆ ಬರುತ್ತಿದ್ದರೆ ಮನೆಯಲ್ಲೇ ಇದ್ದುಬಿಡುತ್ತೇನೆ. ಇಂಗ್ಲಿಷ್ ವ್ಯಾಕರಣ ‘ಇಫ್’ ಆದಮೇಲೆ ‘ವಿಲ್’ ಬೇಡ ಎನ್ನುತ್ತದೆ. ಆ ನಿಯಮವನ್ನು ಇಲ್ಲಿಗೆ ತರಬೇಡಿ. ‘ಕ್ಯೆದಿ’ (ಯಾವಾಗ) ಬಂದಾಗಲೂ ಇದೇ ಕ್ರಮ: ‘ಕ್ಯೆದಿ ವ್ರುತ್ಸೆ, ನಾಪಿಷೆ.’ ವಾಪಸ್ ಬಂದಮೇಲೆ ಬರೀತೀನಿ.

ಆಗಲಾರದ್ದು, ಆಗದೇ ಹೋದದ್ದು, ಬರೀ ಕಲ್ಪನೆ ಎಂಬುದಕ್ಕೆ ‘ಗ್ದಿಬಿ’. ‘ಗ್ದಿಬಿಮ್ ಮ್ಯಾವ್ ಚಾಸ್, ಪೊಯೆಹಾವ್‌ಬಿಮ್ ದೊ ಗ್ದಾನ್ಸ್ಕಾ.’ ನನಗೆ ಟೈಮಿದ್ದಿದ್ದರೆ ಗ್ದಾನ್ಸ್ಕ್‌ಗೆ ಹೋಗ್ತಿದ್ದೆ. ‘ಗ್ದಿಬಿ’ಯ ಒಳಗೇ ‘ಬಿ’ ಇರುವುದನ್ನು ಗಮನಿಸಿ. ‘ನಾನು’ ಎಂಬ ‘ಮ್’ ಗುರುತೂ ಅಲ್ಲಿಗೇ ಹೋಗಿ ‘ಗ್ದಿಬಿಮ್’ ಆಗಿದೆ, ಕ್ರಿಯಾಪದ ಬರೀ ‘ಮ್ಯಾವ್’ ಆಗಿ ಉಳಿದಿದೆ. ‘ಗ್ದಿಬಿಮ್ ಮ್ಯಾವ್‌ಬಿಮ್’ ಎಂದು ಎರಡು ಸಲ ಹೇಳಬಾರದು.

‘ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು’ ಎಂಬ ಗಾದೆಮಾತು ನಮ್ಮಲ್ಲಿದೆಯಲ್ಲ, ಪೋಲರಲ್ಲೂ ಅದರ ಜೊತೆಗಾರ ಗಾದೆ ಇದೆ: ‘ಗ್ದಿಬಿ ಬಾಪ್ಚಾ ಮ್ಯಾವಾ ವೊಂಸಿ, ತೊ ಬಿ ಬಿವಾ ಜಾತ್ಕ್ಯೆಮ್.’ ಅಜ್ಜಿಗೆ ಮೀಸೆ ಇದ್ದಿದ್ದರೆ ಅಜ್ಜ ಆಗುತ್ತಿದ್ದಳು. ಷರತ್ತಿನ ವಾಕ್ಯದ ಇಡೀ ರಚನೆ ಈ ಒಂದು ಸಾಲಿನಲ್ಲಿದೆ. ಇದನ್ನು ಬಾಯಿಪಾಠ ಮಾಡಿಕೊಂಡವರು ‘ಗ್ದಿಬಿ’ಯಲ್ಲಿ ತಪ್ಪುವುದು ಕಡಿಮೆ.

ನಡೆದುಹೋದ ಸಂಗತಿಗೆ, ‘ಗೊತ್ತಿದ್ದಿದ್ದರೆ ಬರ್ತಿದ್ದೆ’ ಎನ್ನಲು ಬೇರೆ ರೂಪ ಇದೆಯೇ?

ಇದೆ, ಆದರೆ ಈಗ ಬಳಕೆ ತೀರಾ ಕಡಿಮೆ. ‘ಗ್ದಿಬಿಮ್ ಬಿವ್ ವ್ಯೆಜಾವ್, ಬಿವ್‌ಬಿಮ್ ಪ್ಷಿಷೆದ್ವ್’ ಎಂಬುದು ಹಳೆಯ, ಗ್ರಾಂಥಿಕ ರೂಪ. ಇಂದಿನ ಮಾತಿನಲ್ಲಿ ಸಾಧಾರಣ ರೂಪವೇ ಎರಡೂ ಕೆಲಸ ಮಾಡುತ್ತದೆ, ಕಾಲವನ್ನು ಸಂದರ್ಭ ಹೇಳುತ್ತದೆ. ‘ಗ್ದಿಬಿ ಕುಸ್ಕಾ ನ್ಯೆ ಸ್ಕಾಕಾವಾ, ತೊ ಬಿ ನುಷ್ಕಿ ನ್ಯೆ ಜ಼್ವಾಮಾವಾ’ ಎಂಬ ಇನ್ನೊಂದು ಗಾದೆ ನೋಡಿ: ಮೇಕೆ ಕುಣಿಯದೆ ಇದ್ದಿದ್ದರೆ ಕಾಲು ಮುರಿದುಕೊಳ್ಳುತ್ತಿರಲಿಲ್ಲ. ಕಾಲು ಮುರಿದು ಆಗಿದೆ, ಆದರೂ ರೂಪ ಅಜ್ಜಿಯ ಮೀಸೆಯ ಗಾದೆಯದ್ದೇ.

ಒಂದು ಎಚ್ಚರ: ಕನ್ನಡದ ‘ಹೋಗ್ತಿದ್ದೆ’ ಹಳೆಯ ಅಭ್ಯಾಸಕ್ಕೂ ಬರುತ್ತದೆ. ‘ಚಿಕ್ಕವನಿದ್ದಾಗ ದಿನಾ ಹೋಗ್ತಿದ್ದೆ’ ಎನ್ನಲು ಪೋಲಿಷ್‌ನಲ್ಲಿ ಸಾಗುವ ಬಗೆಯ ಭೂತಕಾಲ ಬೇಕು, ‘ಬಿ’ ಅಲ್ಲ.

‘ಬಿ’ ವಾಕ್ಯದಲ್ಲಿ ಎಲ್ಲೆಲ್ಲೋ ಓಡಾಡುತ್ತದಲ್ಲ, ಏಕೆ?

ಅದು ಕ್ರಿಯಾಪದಕ್ಕೆ ಕಟ್ಟುಬಿದ್ದದ್ದಲ್ಲ. ಪುರುಷದ ಗುರುತನ್ನು ಜೊತೆಗೆ ಕಟ್ಟಿಕೊಂಡು ವಾಕ್ಯದ ಮುಂಭಾಗಕ್ಕೆ ಬರಬಲ್ಲದು. ‘ಪೊಷ್ವಾಬಿಮ್’ ಎಂದರೂ ‘ಯಾ ಬಿಮ್ ಪೊಷ್ವಾ’ ಎಂದರೂ ‘ನಾನಾದರೆ ಹೋಗ್ತಿದ್ದೆ’ ಎಂದೇ ಅರ್ಥ, ಎರಡನೆಯದು ಮಾತಿಗೆ ಹತ್ತಿರ. ‘ತ್ಸೊ ಬಿಶ್ ಜ಼್ರೊಬಿವ್?’ ಎಂದರೆ ‘ನೀನಾಗಿದ್ದರೆ ಏನು ಮಾಡ್ತಿದ್ದೆ?’ ಮುಂದೆ ಬಂದಾಗ ಬಿಡಿಸಿ ಬರೆಯುತ್ತಾರೆ, ಕ್ರಿಯಾಪದದ ಹಿಂದೆ ಬಂದಾಗ ಸೇರಿಸಿ ಬರೆಯುತ್ತಾರೆ. 2026ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಬರವಣಿಗೆಯ ನಿಯಮದಂತೆ ‘ಚಿ ಬಿ’ಯಂಥ ಕಡೆಯೂ ಬಿಡಿಸಿಯೇ ಬರೆಯಬೇಕು. ‘ಗ್ದಿಬಿ’, ‘ಜ಼ೆಬಿ’ಯಂಥವು ಮಾತ್ರ ಒಂದೇ ಪದ.

ಅಂಗಡಿ, ಕಚೇರಿಗಳಲ್ಲಿ ಮರ್ಯಾದೆಯಿಂದ ಕೇಳಲು ಯಾವ ರೂಪ?

ಬೇಕರಿಯಲ್ಲಿ ನಿಂತಿದ್ದೀರಿ ಎನ್ನಿ. ‘ಪೊಪ್ರೊಷೆ ಹ್ಲೆಬ್’ ಎಂದರೆ ಸಾಕು. ಈ ‘ಪೊಪ್ರೊಷೆ’ ನಿಜಕ್ಕೂ ಮುಗಿಯುವ ಬಗೆಯ ಭವಿಷ್ಯತ್ತು. ‘ಕೇಳಿಕೊಳ್ಳುತ್ತೇನೆ’ ಎಂದು ಅದರ ಅಕ್ಷರಾರ್ಥ. ಕಾಫಿ, ಟಿಕೆಟ್, ಬಿಲ್ಲು ಏನು ಬೇಕಾದರೂ ಇದರಿಂದಲೇ ಕೇಳುತ್ತಾರೆ.

ಕಚೇರಿಯಲ್ಲಿ ಸ್ವಲ್ಪ ದೊಡ್ಡ ಮಾತಾದರೆ ಷರತ್ತಿನ ರೂಪ ಬೇಕು. ‘ಹ್ಚಾವ್‌ಬಿಮ್’ (ಗಂಡಸು), ‘ಹ್ಚಾವಾಬಿಮ್’ (ಹೆಂಗಸು) ಎಂದು ಶುರುಮಾಡಿದರೆ ‘ನನಗೆ ಇಂಥದ್ದು ಬೇಕಿತ್ತು’ ಎಂಬ ಮೆದು ಧ್ವನಿ ಬರುತ್ತದೆ. ನಾವೂ ಹಾಗೆಯೇ ‘ಬೇಕು’ ಎನ್ನದೆ ‘ಬೇಕಿತ್ತು’ ಎನ್ನುತ್ತೇವೆ. ಸಹಾಯ ಕೇಳಲು: ‘ಚಿ ಮೊಗ್ವಾಬಿ ಪಾನಿ ಮಿ ಪೊಮುತ್ಸ್?’ ಎದುರಿಗಿರುವವರು ಗಂಡಸಾದರೆ ‘ಚಿ ಮುಗ್ವ್‌ಬಿ ಪಾನ್ ಮಿ ಪೊಮುತ್ಸ್?’ ಎದುರಿಗಿರುವವರನ್ನೇ ‘ಪಾನ್’, ‘ಪಾನಿ’ ಎಂದು ಪ್ರಥಮಪುರುಷದಲ್ಲಿ ಮಾತಾಡಿಸುವುದು ಅಲ್ಲಿನ ಮರ್ಯಾದೆ. ‘ಸಾಹೇಬ್ರು ಏನು ತಗೋತಾರೆ?’ ಎಂದು ಕೇಳುವ ರೀತಿ ನೆನಪಿರುವವರಿಗೆ ಇದು ವಿಚಿತ್ರ ಅನ್ನಿಸದು. ಅಪರಿಚಿತರನ್ನು ‘ಮೊಗ್ವಾಬಿಶ್’ ಎಂದು ಏಕವಚನದಲ್ಲಿ ಕೇಳಬೇಡಿ.

‘ನೀನು ಬರಬೇಕು ಅಂತ ನನ್ನ ಆಸೆ’ ಎನ್ನುವುದು ಹೇಗೆ?

ಬಯಸುವವರು ಒಬ್ಬರು, ಮಾಡಬೇಕಾದವರು ಇನ್ನೊಬ್ಬರು ಆದಾಗ ‘ಜ಼ೆಬಿ’ ಬೇಕು. ಅದರ ಜೊತೆ ಮತ್ತೆ ಭೂತರೂಪ: ‘ಹ್ತ್ಸೆ, ಜ಼ೆಬಿಶ್ ಪ್ಷಿಷ್ವಾ.’ ಗೆಳತಿಗೆ ಹೇಳುವ ಮಾತಿದು, ಗೆಳೆಯನಾದರೆ ‘ಪ್ಷಿಷೆದ್ವ್’. ಇಬ್ಬರೂ ಒಬ್ಬರೇ ಆದರೆ ಮೂಲರೂಪ ಸಾಕು: ‘ಹ್ತ್ಸೆ ಪ್ಷಿಯಿಶ್ಚ್’, ನನಗೆ ಬರಬೇಕು ಅನ್ನಿಸಿದೆ.

‘ಮಾಡಬಹುದು’, ‘ಮಾಡಬೇಕಾಗುತ್ತೆ’ ಎಂದು ಯಾರನ್ನೂ ಹೆಸರಿಸದೆ ಹೇಳಲು?

‘ಮೊಜ಼್ನಾ ಬೆಂಜೆ’ (ಆಗುತ್ತೆ, ಅವಕಾಶವಿರುತ್ತೆ), ‘ತ್ಷೆಬಾ ಬೆಂಜೆ’ (ಬೇಕಾಗುತ್ತೆ). ಮೆದುವಾಗಿ ಸೂಚಿಸಲು ‘ಮೊಜ಼್ನಾ ಬಿ’, ‘ತ್ಷೆಬಾ ಬಿ’. ಮುಂದೆ ಕ್ರಿಯಾಪದದ ಮೂಲರೂಪ ಬರುತ್ತದೆ. ಲಿಂಗದ ಗೊಡವೆ ಇಲ್ಲ.

ಒತ್ತು ಎಲ್ಲಿ ಬೀಳಬೇಕು?

ಪೋಲಿಷ್‌ನಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ. ಆದರೆ ‘ಬಿ’ ಮತ್ತು ಅದರ ಗುರುತುಗಳು ಲೆಕ್ಕಕ್ಕಿಲ್ಲ. ಅವು ಸೇರುವ ಮೊದಲು ಎಲ್ಲಿತ್ತೋ ಒತ್ತು ಅಲ್ಲೇ ಉಳಿಯುತ್ತದೆ. ‘ಪೊಯೆಹಾವ್’ನಲ್ಲಿ ‘ಯೆ’ ಮೇಲೆ ಒತ್ತು, ‘ಪೊಯೆಹಾವ್‌ಬಿಮ್’ನಲ್ಲೂ ‘ಯೆ’ ಮೇಲೆಯೇ. ‘ಪೊಯೆಹಾಲಿಬಿಶ್‌ಮಿ’ಯಲ್ಲಿ ‘ಹಾ’ ಮೇಲೆ. ಬಿರುಸಿನ ಮಾತಿನಲ್ಲಿ ಎಷ್ಟೋ ಪೋಲರು ಇದನ್ನು ಪದದ ಕೊನೆಯ ಕಡೆಗೆ ಜರುಗಿಸುತ್ತಾರೆ, ಅದನ್ನು ಕೇಳಿ ಗಾಬರಿಯಾಗಬೇಡಿ, ನೀವು ಮಾತ್ರ ನಿಯಮದ ಉಚ್ಚಾರವನ್ನೇ ಇಟ್ಟುಕೊಳ್ಳಿ.

ಪೋಲೆಂಡ್ ಪೌರತ್ವಕ್ಕೆ ಬಿ1 ಮಟ್ಟದ (ಯುರೋಪಿನ ಭಾಷಾ ಅಳತೆಯಲ್ಲಿ ಮಧ್ಯಮ ಹಂತ) ಪರೀಕ್ಷೆ ಬರೆಯಬೇಕು. ಇದರಲ್ಲಿ ಎಷ್ಟು ಗೊತ್ತಿರಬೇಕು?

ಬೆಂದೆಯ ಎರಡೂ ರೀತಿ, ಮುಗಿಯುವ ಬಗೆಯ ಭವಿಷ್ಯತ್ತು, ‘ಯೆಶ್ಲಿ’, ‘ಗ್ದಿಬಿ’, ‘ಜ಼ೆಬಿ’, ಮರ್ಯಾದೆಯ ‘ಹ್ಚಾವ್‌ಬಿಮ್’ ಇಷ್ಟೂ ತಡವರಿಸದೆ ಬರಬೇಕು. ಹಳೆಯ ‘ಬಿವ್‌ಬಿಮ್ ಪ್ಷಿಷೆದ್ವ್’ ರೂಪ ಓದುವಾಗ ಗುರುತು ಹತ್ತಿದರೆ ಸಾಕು. ಅಭ್ಯಾಸಕ್ಕೆ ದಿನವೂ ಒಂದು ಜೋಡಿ ಕ್ರಿಯಾಪದ ಹಿಡಿದು ನಾಲ್ಕು ವಾಕ್ಯ ಬರೆಯಿರಿ: ನಾಳೆ ಮಾಡುತ್ತಾ ಇರುವುದು, ನಾಳೆ ಮುಗಿಸಿಬಿಡುವುದು, ಆದರೆ ಮಾಡುವುದು, ಆಗಿದ್ದಿದ್ದರೆ ಮಾಡುತ್ತಿದ್ದುದು. ‘ಬೆಂದೆ ಚಿತಾವಾ’, ‘ಪ್ಷೆಚಿತಾಮ್’, ‘ಯೆಶ್ಲಿ ಬೆಂದೆ ಮ್ಯಾವಾ ಚಾಸ್, ಪ್ಷೆಚಿತಾಮ್’, ‘ಗ್ದಿಬಿಮ್ ಮ್ಯಾವಾ ಚಾಸ್, ಪ್ಷೆಚಿತಾವಾಬಿಮ್’. ಇವು ಹೆಂಗಸಿನ ರೂಪಗಳು. ಗಂಡಸರು ಮೊದಲ ವಾಕ್ಯದಲ್ಲಿ ‘ಚಿತಾವ್’, ಉಳಿದೆಡೆ ‘ಮ್ಯಾವ್’, ‘ಪ್ಷೆಚಿತಾವ್‌ಬಿಮ್’ ಎಂದು ಬದಲಿಸಿಕೊಳ್ಳಿ.